ಹೆಸರಿಲ್ಲದ ಮೀನಿಗೆ ಹಾಕಿದ ಗಾಳ

ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನಿಗೆ ಸರ್ವಜ್ಞ ಚಕ್ರವರ್ತಿ ಎಂಬ ಬಿರುದಿತ್ತು. ರಾಜರ ಬಿರುದುಗಳನ್ನು ಅಕ್ಷರಶಃ ನಂಬುವ ಅಭ್ಯಾಸ ಇತಿಹಾಸವನ್ನು ಓದುವವರಿಗೆ ಒಳ್ಳೆಯದಲ್ಲ. ಆದರೆ ಈ ಒಂದು ಬಿರುದಿನ ಮಟ್ಟಿಗೆ ದೊರೆ ತಾನೇ ಸಾಕ್ಷ್ಯವನ್ನು ಬರೆದಿಟ್ಟು ಹೋಗಿದ್ದಾನೆ. ಸುಮಾರು 1130ರ ಹೊತ್ತಿಗೆ ಅವನು ಸಂಸ್ಕೃತದಲ್ಲಿ ರಚಿಸಿದ ‘ಮಾನಸೋಲ್ಲಾಸ’ವೇ ಆ ಸಾಕ್ಷ್ಯ. ‘ಅಭಿಲಷಿತಾರ್ಥ ಚಿಂತಾಮಣಿ’ ಎಂಬುದು ಅದರ ಇನ್ನೊಂದು ಹೆಸರು. ಇಪ್ಪತ್ತಿಪ್ಪತ್ತು ಅಧ್ಯಾಯಗಳ ಐದು ವಿಂಶತಿಗಳು, ಒಟ್ಟು ನೂರು ಅಧ್ಯಾಯಗಳು. ರಾಜ್ಯವನ್ನು ಪಡೆಯುವುದು ಹೇಗೆ, ಪಡೆದದ್ದನ್ನು ಉಳಿಸಿಕೊಳ್ಳುವುದು ಹೇಗೆ ಎಂಬುದರಿಂದ ಮೊದಲುಗೊಂಡು ಆನೆ, ಕುದುರೆ, ಸಂಗೀತ, ಚಿತ್ರ, ಅಡಿಗೆಯವರೆಗೆ ಅದರಲ್ಲಿ ಇಲ್ಲದ ವಿಷಯವಿಲ್ಲ. ಇಂದು ನಾವು ಬೆಳಗಿನ ತಿಂಡಿಗೆ ತಿನ್ನುವ ದೋಸೆ ವಡೆಗಳ ಪೂರ್ವಜರನ್ನು ಹುಡುಕುವವರು ಈ ಗ್ರಂಥವನ್ನೇ ಮೊರೆಹೋಗುತ್ತಾರೆ. ಅಡಿಗೆಯ ಅಧ್ಯಾಯಕ್ಕೆ ದೊರೆತ ಪ್ರಸಿದ್ಧಿ ಮಾತ್ರ ಅದೇ ಗ್ರಂಥದ ‘ಮತ್ಸ್ಯವಿನೋದ’ ಎಂಬ ಅಧ್ಯಾಯಕ್ಕೆ ನಮ್ಮಲ್ಲಿ ದೊರೆಯಲಿಲ್ಲ.

ಮತ್ಸ್ಯವಿನೋದವೆಂದರೆ ಗಾಳ ಹಾಕಿ ಮೀನು ಹಿಡಿಯುವ ಆಟ. ಹೊಟ್ಟೆಪಾಡಿಗಾಗಿ ಹಿಡಿಯುವುದಲ್ಲ, ದೊರೆಯ ಮನಸ್ಸಿನ ಉಲ್ಲಾಸಕ್ಕಾಗಿ ಹಿಡಿಯುವುದು. ಗ್ರಂಥದ ಹೆಸರಿನಲ್ಲಿಯೇ ಆ ಮಾತು ಇದೆಯಷ್ಟೆ. ಸುಮಾರು ಮೂವತ್ತೈದು ಬಗೆಯ ಮೀನುಗಳನ್ನು ಸೋಮೇಶ್ವರ ಹೆಸರಿಸುತ್ತಾನೆ. ಸಮುದ್ರದ ಮೀನು ಯಾವುದು, ಹೊಳೆಯ ಮೀನು ಯಾವುದು, ಹುರುಪೆಯುಳ್ಳದ್ದು ಯಾವುದು, ಹುರುಪೆಯಿಲ್ಲದ್ದು ಯಾವುದು ಎಂದು ವಿಂಗಡಿಸುತ್ತಾನೆ. ಆಮೇಲೆ ಯಾವ ಜಾತಿಯ ಮೀನಿಗೆ ಯಾವ ಆಹಾರ ಪ್ರಿಯವೆಂದು ಹೇಳುತ್ತಾನೆ. ಇಷ್ಟೆಲ್ಲ ಆದ ಮೇಲೆ ಗಾಳ. ಇಂಗ್ಲೆಂಡಿನಲ್ಲಿ ಗಾಳದ ಮೇಲೆ ಅಚ್ಚಾದ ಮೊದಲ ಪುಸ್ತಕ ಹೊರಬಂದದ್ದು 1496ರಲ್ಲಿ. ಅದನ್ನು ಬರೆದವಳು ಒಬ್ಬ ಸನ್ಯಾಸಿನಿ ಎಂಬ ಪ್ರತೀತಿಯಿದೆ. ಐಸಾಕ್ ವಾಲ್ಟನ್ನನ ಲೋಕಪ್ರಸಿದ್ಧ ಕೃತಿಯಂತೂ 1653ರದು. ಅವುಗಳಿಗಿಂತ ಮುನ್ನೂರೈವತ್ತು, ಐನೂರು ವರ್ಷ ಹಿಂದೆ ಕನ್ನಡ ನಾಡಿನ ದೊರೆಯೊಬ್ಬ ಈ ಕೆಲಸ ಮಾಡಿದ್ದನೆಂದು ಹೇಳಿ ಎದೆಯುಬ್ಬಿಸಬಹುದು. ಆದರೆ ಉಬ್ಬಿಸುವ ಮುನ್ನ ಒಂದು ಮಾತು ನೆನಪಿರಬೇಕು. ಗ್ರಂಥ ಬಡೋದೆಯ ಗಾಯಕವಾಡ ಮಾಲೆಯಲ್ಲಿ 1925ರಿಂದ ಮುಂದಕ್ಕೆ ಮೂರು ಸಂಪುಟಗಳಾಗಿ ಅಚ್ಚಾಯಿತು. ಅದರಲ್ಲಿನ ಮೀನುಗಳನ್ನು ಇಂದಿನ ಮೀನುಗಳೊಂದಿಗೆ ಹೋಲಿಸಿ 1951ರಲ್ಲಿ ವಿವರವಾಗಿ ಬರೆದವರು ಮತ್ಸ್ಯಶಾಸ್ತ್ರಜ್ಞ ಸುಂದರಲಾಲ ಹೋರಾ. ಸಾಹಿತ್ಯದವರಾದ ನಾವು ಆ ಅಧ್ಯಾಯವನ್ನು ಮೀನು ತಿನ್ನುವವರ ಪಾಲಿಗೆ ಬಿಟ್ಟು ಸುಮ್ಮನಿದ್ದೆವು.

ಸೋಮೇಶ್ವರನ ಕ್ರಮದಲ್ಲಿ ನನ್ನ ಮನಸ್ಸನ್ನು ಹಿಡಿದ ಅಂಶವೊಂದಿದೆ. ಗಾಳಕ್ಕಿಂತ ಮೊದಲು ಆತ ಮೀನಿನ ಹೊಟ್ಟೆಯನ್ನು ಕುರಿತು ಯೋಚಿಸುತ್ತಾನೆ. ಬಲೆ ಬೀಸುವವನಿಗೆ ಇದು ಅಷ್ಟಾಗಿ ಬೇಕಿಲ್ಲ. ಬಲೆ ಎಲ್ಲ ಮೀನನ್ನೂ ಒಂದೇ ಸಮನಾಗಿ ಬಾಚುತ್ತದೆ. ಗಾಳ ಹಾಕುವವನು ಮಾತ್ರ ಒಂದು ಮೀನಿನೊಡನೆ ವ್ಯವಹಾರಕ್ಕಿಳಿಯುತ್ತಾನೆ. ಅದರ ಹಸಿವು ಎಂಥದು, ಭಯ ಎಂಥದು, ಯಾವ ಹೊತ್ತಿಗೆ ಎಲ್ಲಿ ಹೊಂಚುತ್ತದೆ ಎಂಬುದನ್ನು ಅರಿಯದೆ ಅವನ ಕೆಲಸ ಸಾಗದು. ಇನ್ನೊಂದು ಮೀನನ್ನು ತಿಂದು ಬದುಕುವ ಬೇಟೆಮೀನುಗಳ ವಿಷಯದಲ್ಲಂತೂ ಈ ಮಾತು ಇಮ್ಮಡಿ ನಿಜ. ದೊಡ್ಡದು ಚಿಕ್ಕದನ್ನು ನುಂಗುವ ಅರಾಜಕ ಸ್ಥಿತಿಗೆ ನಮ್ಮ ರಾಜನೀತಿಕಾರರು ಮತ್ಸ್ಯನ್ಯಾಯವೆಂದು ಹೆಸರಿಟ್ಟರಲ್ಲ, ಆ ನ್ಯಾಯದ ನ್ಯಾಯಾಧೀಶರು ಈ ಮೀನುಗಳೇ. ಬೇಟೆಗಾರನನ್ನೇ ಬೇಟೆಯಾಡಬೇಕಾದರೆ ಅವನ ಬೇಟೆಯ ರೀತಿಯನ್ನು ಕಲಿಯಬೇಕು.

ನಮ್ಮ ಹೊಳೆ ಕೆರೆಗಳ ಬಾಳೆಮೀನನ್ನು ತೆಗೆದುಕೊಳ್ಳಿ. ಹೆಸರು ಕೇಳಿದರೆ ಸಾಧುವೆನ್ನಿಸುತ್ತದೆ. ನೋಡಿದರೆ, ಕಣ್ಣಿನ ಹಿಂದಿನವರೆಗೂ ಸೀಳಿದ ಬಾಯಿ, ಉದ್ದನೆಯ ಮೀಸೆ, ದವಡೆಯ ತುಂಬ ಸಾಲುಸಾಲಾಗಿ ಸೂಜಿಯಂಥ ಸಣ್ಣ ಹಲ್ಲು. ಸಂಸ್ಕೃತದ ಪಾಠೀನವೆಂಬ ಮೀನು ಇದೇ ಇರಬೇಕೆಂದು ಹಲವರ ಮತ. ಅಮರಸಿಂಹ ಪಾಠೀನಕ್ಕೆ ಸಹಸ್ರದಂಷ್ಟ್ರವೆಂಬ ಪರ್ಯಾಯವನ್ನು ಕೊಟ್ಟಿದ್ದಾನೆ. ಸಾವಿರ ಹಲ್ಲಿನದು! ನಿಘಂಟಿನ ಒಂದು ಪದದಲ್ಲಿ ಎಷ್ಟು ಜನ ಬೆಸ್ತರ ಬೆರಳಿನ ಗಾಯ ಅಡಗಿದೆಯೋ ಯಾರು ಬಲ್ಲರು. ಈ ಮೀನು ಹಗಲಿನಲ್ಲಿ ದಂಡೆಯ ಕೆಳಗಿನ ಪೊಟರೆಯಲ್ಲೋ ಬೇರುಗಳ ನೆರಳಿನಲ್ಲೋ ಬಿದ್ದುಕೊಂಡಿದ್ದು ಕತ್ತಲೆಯಾದಂತೆ ಬೇಟೆಗೆ ಹೊರಡುತ್ತದೆ. ಆದ್ದರಿಂದ ಇದಕ್ಕೆ ಗಾಳ ಹಾಕುವವರು ಮುಸ್ಸಂಜೆಯಲ್ಲಿ ಹೊರಟು, ಜೀವಂತ ಸಣ್ಣ ಮೀನನ್ನು ಚುಚ್ಚಿ, ದಂಡೆಯ ಒತ್ತಿಗೇ ಬಿಡುತ್ತಾರೆ. ಗಾಳಕ್ಕೆ ಹತ್ತಿದ ದಾರದ ಕೊನೆಯ ಗೇಣು ದಾರವಾಗಿರಕೂಡದು, ತಂತಿಯಾಗಿರಬೇಕು. ಸಾವಿರ ಹಲ್ಲಿಗೆ ದಾರವೆಷ್ಟರದು!

ಕೊರವೆಯ ಕಥೆ ಬೇರೆ. ಇದು ಕೆರೆಯ, ಕೆಸರಿನ, ತಾವರೆಬಳ್ಳಿಯ ಮೀನು. ಕಿವಿರಿನಿಂದ ಪಡೆಯುವ ಉಸಿರು ಸಾಲದೆ ಇದು ಆಗಾಗ ಮೇಲೆ ಬಂದು ಗಾಳಿಯನ್ನೇ ಗುಟುಕರಿಸಬೇಕು. ಒದ್ದೆ ಬಟ್ಟೆಯಲ್ಲಿ ಸುತ್ತಿಟ್ಟರೆ ನೀರಿನ ಹೊರಗೂ ಬಹಳ ಹೊತ್ತು ಜೀವ ಹಿಡಿದಿರುತ್ತದೆ. ಸಂತೆಯಲ್ಲಿ ಇದನ್ನು ಜೀವಂತವಾಗಿಯೇ ಮಾರುವುದು ಅದರಿಂದ. ಗಾಳ ಹಾಕುವವನು ದಂಡೆಯಲ್ಲಿ ಅಲುಗದೆ ಕುಳಿತು, ಎಲೆಗಳ ನಡುವೆ ಎಲ್ಲಿ ಗುಳ್ಳೆಯೆದ್ದಿತು ಎಂದು ನೋಡುತ್ತಾನೆ. ಗುಳ್ಳೆಯೆದ್ದ ಕಡೆಗೆ ಗಾಳಕ್ಕೆ ಚುಚ್ಚಿದ ಕಪ್ಪೆಯನ್ನು ಮೆಲ್ಲನೆ ಎಸೆದು, ಎಲೆಯಿಂದ ಎಲೆಗೆ ಕುಪ್ಪಳಿಸಿದಂತೆ ಎಳೆಯುತ್ತಾನೆ. ಕೊರವೆ ಕಪ್ಪೆಯನ್ನು ಹಿಡಿದೊಡನೆ ಎಳೆಯಬಾರದು. ಅದು ಮೊದಲು ಕಚ್ಚಿ ಹಿಡಿದು ಆಮೇಲೆ ನುಂಗುತ್ತದೆ. ಆ ನಾಲ್ಕೈದು ಗಳಿಗೆಯ ಸಂಯಮವೇ ಈ ವಿದ್ಯೆಯ ಅರ್ಧ ಭಾಗವೆಂದು ಬಲ್ಲವರು ಹೇಳುತ್ತಾರೆ. ಇನ್ನೊಂದು ಉಪಾಯವೂ ಉಂಟು, ಅದನ್ನು ಬರೆಯಲು ಕೈ ಹಿಂಜರಿಯುತ್ತದೆ. ಕೊರವೆ ಮರಿಗಳನ್ನು ಕಾಯುವ ಮೀನು. ಕೆಂಪು ಕಿತ್ತಳೆ ಬಣ್ಣದ ಮರಿಗಳ ಹಿಂಡು ನೀರಿನ ಮೇಲ್ಮೈಯಲ್ಲಿ ಮೋಡದಂತೆ ತೇಲುತ್ತಿದ್ದರೆ, ಅದರ ಕೆಳಗೆ ತಂದೆತಾಯಿ ಇದ್ದೇ ಇರುತ್ತವೆ. ಹಿಂಡಿನ ನಡುವೆ ಗಾಳವನ್ನು ಆಡಿಸಿದರೆ ಹಸಿವಿಲ್ಲದಿದ್ದರೂ ಅವು ಮೇಲೆ ಬಿದ್ದು ಕಚ್ಚುತ್ತವೆ. ಹೊಟ್ಟೆಯ ಗುಟ್ಟನ್ನು ತಿಳಿದವನು ಇಲ್ಲಿ ಕರುಳಿನ ಗುಟ್ಟನ್ನೂ ತಿಳಿದ. ಮರಿಗಳ ಕಾಲದಲ್ಲಿ ಕೊರವೆಯನ್ನು ಮುಟ್ಟದ ಬೆಸ್ತರೂ ಇದ್ದಾರೆ. ಅದು ದಯೆಯೋ ಮುಂದಿನ ವರ್ಷದ ಲೆಕ್ಕಾಚಾರವೋ, ಅವರು ವಿಂಗಡಿಸಿ ಹೇಳುವುದಿಲ್ಲ.

ಇವೆರಡೂ ಹೊಂಚಿನ ಮೀನುಗಳು. ಹೊಳೆಯ ಮೀನುಗಳಲ್ಲಿ ರಾಜನೆನ್ನಿಸಿಕೊಂಡದ್ದು ಮೂರನೆಯದು, ಮಹಶೀರ್. ಸೋಮೇಶ್ವರನ ಪಟ್ಟಿಯಲ್ಲಿ ಬರುವ ಮಹಾಶೀಲವೆಂಬುದು ಇದೇ ಎಂದು ವಿದ್ವಾಂಸರು ಗುರುತಿಸಿದ್ದಾರೆ. ಕಾವೇರಿ ದಂಡೆಯ ಕನ್ನಡಿಗರಿಗೆ ಇದು ಬಿಳಿಮೀನು, ತುಳುವರ ಬಾಯಲ್ಲಿ ಪೆರುವೋಳು, ದೇವಸ್ಥಾನದ ಮಡುವಿನಲ್ಲಿದ್ದರೆ ದೇವರಮೀನು. ಅಂಗೈಯಗಲದ ಹುರುಪೆಗಳು. ಮೀನು ಕಂಡರೆ ಮೀನು, ಏಡಿ ಕಂಡರೆ ಏಡಿ, ದಂಡೆಯ ಅತ್ತಿಮರದಿಂದ ಉದುರಿದ ಹಣ್ಣು, ಬಿದಿರಕ್ಕಿ, ಯಾವುದಕ್ಕೂ ಇದು ಒಲ್ಲೆನೆನ್ನದು. ಹಾಗಾಗಿ ಇದನ್ನು ಬೇಟೆಮೀನೆಂದು ಕರೆಯುವುದು ಪೂರ್ತಿ ಸರಿಯಲ್ಲ, ಕರೆಯದಿರುವುದೂ ಸರಿಯಲ್ಲ.

ಈ ಮೀನಿನ ಹೊಟ್ಟೆ, ಬಾಯಿ, ನಡೆಗಳನ್ನು ಸೋಮೇಶ್ವರನ ತರುವಾಯ ನಮ್ಮ ನಾಡಿನಲ್ಲಿ ಕುಳಿತು ಅಷ್ಟೇ ಶ್ರದ್ಧೆಯಿಂದ ಅಭ್ಯಾಸ ಮಾಡಿದವನು ಒಬ್ಬ ಇಂಗ್ಲಿಷ್ ಅಧಿಕಾರಿ. ಹೆನ್ರಿ ಸಲಿವನ್ ಥಾಮಸ್ ಎಂದು ಅವನ ಹೆಸರು. ಮದರಾಸು ಸಿವಿಲ್ ಸರ್ವಿಸಿಗೆ ಸೇರಿದವನು, ದಕ್ಷಿಣ ಕನ್ನಡ ಜಿಲ್ಲೆಯ ಕಲೆಕ್ಟರನಾಗಿದ್ದವನು. 1870ರಲ್ಲಿ ಅವನು ಆ ಜಿಲ್ಲೆಯ ಮೀನುಗಾರಿಕೆಯ ಬಗ್ಗೆ ಸರಕಾರಕ್ಕೆ ವರದಿಯೊಂದನ್ನು ಬರೆದ. 1873ರಲ್ಲಿ ‘ದಿ ರಾಡ್ ಇನ್ ಇಂಡಿಯ’ ಎಂಬ ಅವನ ಪುಸ್ತಕ ಮಂಗಳೂರಿನಲ್ಲಿ ಅಚ್ಚಾಗಿ ಹೊರಬಂತು. ಇಪ್ಪತ್ತೊಂದು ವರ್ಷಗಳ ಮೇಲೆ ಕಿಟ್ಟೆಲರ ಮಹಾನಿಘಂಟು ಅಚ್ಚಾದದ್ದೂ ಅದೇ ಊರಿನಲ್ಲಿ. ಕಿಟ್ಟೆಲರನ್ನು ನಾವು ದಿನವೂ ನೆನೆಯುತ್ತೇವೆ, ಥಾಮಸನನ್ನು ಯಾರೂ ನೆನೆಯುವುದಿಲ್ಲ. ನಾನೂ ನೆನೆದವನಲ್ಲ, ಮೀನು ಹಿಡಿಯುವುದು ಹಾಗಿರಲಿ, ತಿನ್ನುವ ಮನೆಯಲ್ಲಿಯೂ ಹುಟ್ಟಲಿಲ್ಲ. ಪಾಠದಲ್ಲಿ ಬಂದ ‘ಬಡಿಶ’ವೆಂಬ ಶಬ್ದಕ್ಕೆ ಗಾಳವೆಂದು ಅರ್ಥ ಹೇಳಿ ಮುಂದೆ ಹೋಗುತ್ತಿದ್ದಾಗ, ಹೊಳೆದಂಡೆಯ ಊರಿನಿಂದ ಬಂದಿದ್ದ ಹುಡುಗನೊಬ್ಬ “ಯಾವ ಮೀನಿನ ಗಾಳ, ಸಾರ್?” ಎಂದು ಕೇಳಿದ. ಮೀನಿಗೊಂದು ಗಾಳವೆಂಬುದು ನನಗೆ ಆವರೆಗೆ ತಿಳಿದಿರಲಿಲ್ಲ. ಥಾಮಸನ ಪುಸ್ತಕವನ್ನು ಹುಡುಕಿ ತೆಗೆದದ್ದು ಆಮೇಲೆ.

ಥಾಮಸ್ ತನ್ನ ಪುಸ್ತಕದ ಉದ್ದೇಶವನ್ನು ಹೆಸರಿನ ಕೆಳಗೇ ಹೇಳಿಕೊಂಡಿದ್ದಾನೆ: ಬೇಟೆಯ ಸುಖ ಪಡೆಯಲು ಕೆಲವು ಸುಳುಹುಗಳು, ಜೊತೆಗೆ ಮೀನುಗಳ ಸ್ವಭಾವ, ಅವುಗಳ ಸಾಕಣೆ, ಅವುಗಳ ಬೆಲೆ. ಈ ನಾಲ್ಕನ್ನೂ ಒಂದೇ ಪುಸ್ತಕದಲ್ಲಿ ಇಟ್ಟದ್ದೇ ಅವನ ವಿಶೇಷ. ಮಹಶೀರಿನ ಬಾಯಲ್ಲಿ ಹಲ್ಲಿಲ್ಲ, ಹಲ್ಲಿರುವುದು ಗಂಟಲಿನಲ್ಲಿ. ಏಡಿಯ ಚಿಪ್ಪನ್ನಾಗಲಿ ಗಟ್ಟಿ ಬೀಜವನ್ನಾಗಲಿ ಅದು ಅಲ್ಲಿ ಅರೆದು ನುಂಗುತ್ತದೆ. ತುಟಿ ದವಡೆಗಳ ಒತ್ತಡವಂತೂ ಇಂಗ್ಲೆಂಡಿನಿಂದ ಬಂದ ನಾಜೂಕು ಗಾಳವನ್ನು ಹಪ್ಪಳದಂತೆ ಚಪ್ಪಟೆ ಮಾಡಿಬಿಡುವಷ್ಟು. ಆದ್ದರಿಂದ ಗಾಳ ದಪ್ಪವಾಗಿರಬೇಕು, ಗಟ್ಟಿಯಾಗಿರಬೇಕು. ಮೀನು ಎರೆಯನ್ನು ಹಿಡಿದೊಡನೆ ಹಿಂದಿರುಗಿ ಓಡುತ್ತದೆ. ಆ ಮೊದಲ ಓಟದಲ್ಲಿಯೇ ಅದರ ಶಕ್ತಿಯೆಲ್ಲ. ಅದರ ಮುಂದೆ ಇಂಗ್ಲೆಂಡಿನ ಸಾಮನ್ ಮೀನೂ ಸಪ್ಪೆ ಎಂದು ಥಾಮಸನ ತೀರ್ಪು. ಆ ಓಟದಲ್ಲಿ ಎದುರು ನಿಂತು ಜಗ್ಗಿದವನ ದಾರ ಕಡಿಯುತ್ತದೆ. ದಾರ ಬಿಡಬೇಕು, ಬಿಡುತ್ತಲೇ ಭಾರ ಹಾಕಬೇಕು. ನಿಲ್ಲಬೇಕಾದ ಸ್ಥಳ ಸೆಳವು ಮಡುವಿಗೆ ಇಳಿಯುವ ಬಾಯಿ, ಇಲ್ಲವೆ ಮಡು ಮತ್ತೆ ಸೆಳವಾಗಿ ತೆಳುವಾಗುವ ಬಾಲ. ಮಳೆಗಾಲದ ಕೆಂಪುನೀರು ಇಳಿದು ಹೊಳೆ ತಿಳಿಯಾದ ಮೇಲೆಯೇ ಕಾಲ. ತಿರುಗುವ ಲೋಹದ ಚಮಚವನ್ನು ಗಾಯಗೊಂಡ ಮರಿಮೀನೆಂದು ಭ್ರಮಿಸಿ ಮಹಶೀರ್ ಎರಗುತ್ತದೆ.

ಸುಳುಹುಗಳನ್ನು ಕೊಟ್ಟು ಥಾಮಸ್ ಸುಮ್ಮನಾಗಿದ್ದರೆ ಅವನೂ ಶಿಕಾರಿಯ ಹುಚ್ಚಿನ ನೂರು ಸಾಹೇಬರಲ್ಲಿ ಒಬ್ಬನಾಗುತ್ತಿದ್ದ. ಆದರೆ ಹೊಳೆಗಳಲ್ಲಿ ಕಾರೆಕಾಯಿ, ಕಾಕಮಾರಿಯಂಥ ವಿಷಗಳನ್ನು ಕದಡಿ ಮರಿಯೊಡನೆ ತಾಯಿಯನ್ನೂ ಕೊಲ್ಲುವ ಪದ್ಧತಿ, ಸಣ್ಣ ಕಣ್ಣಿನ ಬಲೆ, ತೊರೆಗಳಿಗೆ ಅಡ್ಡಗಟ್ಟಿದ ಬಿದಿರಿನ ತಡಿಕೆ, ಇವುಗಳನ್ನು ಅವನು ಕಂಡ. ಮೀನು ಮುಗಿಯದ ಪದಾರ್ಥವಲ್ಲ, ಕಾಯದಿದ್ದರೆ ಮುಗಿಯುತ್ತದೆ ಎಂದು ವಾದಿಸಿದ. ಇಂಥ ವಾದಗಳು ಸರಕಾರದ ಕಿವಿಗೆ ಬೀಳಲು ಹಿಡಿಯುವ ಕಾಲವನ್ನೇ ಹಿಡಿದು, 1897ರಲ್ಲಿ ಭಾರತದ ಮೀನುಗಾರಿಕೆಯ ಕಾನೂನು ಬಂತು. ನೀರಿಗೆ ವಿಷ ಹಾಕುವುದೂ ಸಿಡಿಮದ್ದು ಹಾಕುವುದೂ ಅಪರಾಧವಾದವು. ಅಪರಾಧವಾಯಿತೆಂದ ಮಾತ್ರಕ್ಕೆ ನಿಂತಿತೇ? ದಕ್ಷಿಣ ಕನ್ನಡದ ಶಿಶಿಲದಲ್ಲಿ ಶಿಶಿಲೇಶ್ವರ ದೇವರ ಮೀನುಗಳಿಗೆ ವಿಷ ಬಿದ್ದದ್ದು 1996ರಲ್ಲಿ.

ಥಾಮಸನ ಪುಸ್ತಕದಲ್ಲಿ ಇನ್ನೊಂದು ವಿಷಯವಿದೆ, ಈ ಲೇಖನ ಹುಟ್ಟಿದ್ದೇ ಅದರಿಂದ. ಕಾವೇರಿಯ ಕಡೆ ಬೆನ್ನು ಗೂನಾದ, ಬೇರೆಲ್ಲ ಮಹಶೀರುಗಳನ್ನು ಮೀರಿ ಬೆಳೆಯುವ ಒಂದು ಮಹಶೀರ್ ಉಂಟೆಂಬ ಸಂಗತಿಯನ್ನು ಗಾಳಗಾರರ ಲೋಕಕ್ಕೆ ಮೊದಲು ಮುಟ್ಟಿಸಿದ ಪುಸ್ತಕ ಅದು. ಐದಡಿಯನ್ನು ಮೀರಬಲ್ಲ ಮೈ, ನೂರು ಪೌಂಡನ್ನು ದಾಟಬಲ್ಲ ತೂಕ, ಕಿತ್ತಳೆ ಬಣ್ಣದ ಈಜುರೆಕ್ಕೆಗಳು. ಅಲ್ಲಿಂದ ಮೈಸೂರು ಸೀಮೆಯ ಹೊಳೆಗಳಿಗೆ ಸಾಹೇಬರ ಯಾತ್ರೆ ಹತ್ತಿತು. ಒಮ್ಮೆ ನೂರನಾಲ್ಕು ಪೌಂಡು, ಇನ್ನೊಮ್ಮೆ ನೂರಹತ್ತೊಂಬತ್ತು ಪೌಂಡು. 1946ರಲ್ಲಿ ಮೈಸೂರಿನ ವಾನ್ ಇಂಗೆನ್ ಮನೆತನದ ಡಿ ವೆಟ್ ವಾನ್ ಇಂಗೆನ್ ಕಪಿಲೆಯಲ್ಲಿ ಹಿಡಿದದ್ದು ನೂರಿಪ್ಪತ್ತು ಪೌಂಡು, ಎಂದರೆ ಸುಮಾರು ಐವತ್ತನಾಲ್ಕು ಕಿಲೋ. ಸತ್ತ ಹುಲಿಗಳಿಗೆ ಜೀವಕಳೆ ತುಂಬಿ ನಿಲ್ಲಿಸುವ ಕಸುಬಿನಲ್ಲಿ ಲೋಕವಿಖ್ಯಾತವಾಗಿದ್ದ ಮನೆತನ ಅದು. ಗಾಳಕ್ಕೆ ಬಿದ್ದ ಮಹಶೀರುಗಳಲ್ಲಿ ಅದನ್ನು ಮೀರಿಸಿದ ತೂಕ ದಾಖಲೆಗಳಲ್ಲಿ ಮತ್ತೆ ಬರಲಿಲ್ಲ. ಈ ದಾಖಲೆಗಳಲ್ಲಿ ಹಿಡಿದವನ ಹೆಸರು, ಹೊಳೆಯ ಹೆಸರು, ತೂಕ ಇವಿಷ್ಟೇ ಇರುತ್ತವೆ. ಮಡುವನ್ನು ತೋರಿಸಿದವನು, ಹರಿಗೋಲಿಗೆ ಹುಟ್ಟು ಹಾಕಿದವನು, ಬಂಡೆಗೆ ಸಿಕ್ಕಿದ ದಾರವನ್ನು ನೀರಿಗಿಳಿದು ಬಿಡಿಸಿದವನು ಅಲ್ಲಿಲ್ಲ.

ಸ್ವಾತಂತ್ರ್ಯಾನಂತರ ಸಾಹೇಬರು ಹೋದರು, ಈ ಮೀನಿನ ಮಾತೂ ಹೊರಜಗತ್ತಿಗೆ ಮರೆತಂತಾಯಿತು. 1977-78ರಲ್ಲಿ ಇಂಗ್ಲೆಂಡಿನಿಂದ ಬಂದ ಕೆಲವು ತರುಣರು ಮತ್ತೆ ಕಾವೇರಿಯಲ್ಲಿ ಗಾಳ ಹಾಕಿ ದೊಡ್ಡ ಮೀನುಗಳನ್ನು ಎತ್ತಿದ ಮೇಲೆ ಯಾತ್ರೆ ಎರಡನೆಯ ಸಲ ಮೊದಲಾಯಿತು. ಈ ಸಲದ ಎರೆ ಯಾವುದು ಗೊತ್ತೆ? ರಾಗಿ. ರಾಗಿಹಿಟ್ಟನ್ನು ಕಲಸಿ, ಉಂಡೆ ಕಟ್ಟಿ, ಬೇಯಿಸಿ ಗಾಳಕ್ಕೆ ಮೆತ್ತುವುದು. ಮುದ್ದೆಯೇ ಎನ್ನಿ. ಲಂಡನ್ನಿನ ಅಂಗಡಿಗಳ ಥಳಥಳಿಸುವ ಚಮಚಗಳೆಲ್ಲ ಒಂದು ತೂಕವಾದರೆ, ದಂಡೆಯ ಗುಡಿಸಲಿನ ಒಲೆಯ ಮೇಲೆ ಬೆಂದ ಮುದ್ದೆ ಇನ್ನೊಂದು ತೂಕ. ಮೀನಿನ ಹೊಟ್ಟೆಯ ಗುಟ್ಟನ್ನು ಬಲ್ಲವರು ದಂಡೆಯ ಜನವೇ ಆಗಿದ್ದರು. ಸೋಮೇಶ್ವರ ಮೀನಿಗೆ ಹಿಟ್ಟಿನ ಉಂಡೆ ಹಾಕಿಸುತ್ತಿದ್ದ ನಾಡಿನಲ್ಲಿ ಇದು ಆಶ್ಚರ್ಯವಲ್ಲ. ಭೀಮೇಶ್ವರಿ, ದೊಡ್ಡಮಾಕಳಿ, ಗಾಳಿಬೋರೆಗಳಲ್ಲಿ ಗಾಳಗಾರರ ಶಿಬಿರಗಳು ಎದ್ದವು. ಹಿಂದೆ ಕದ್ದು ಮೀನು ಹಿಡಿಯುತ್ತಿದ್ದ ಕೆಲವರು ಅಲ್ಲಿ ಸಂಬಳದ ಮಾರ್ಗದರ್ಶಕರಾದರು. ಹಿಡಿದ ಮೀನನ್ನು ತೂಗಿ, ಅಳೆದು, ಚಿತ್ರ ತೆಗೆದು, ಮತ್ತೆ ನೀರಿಗೆ ಬಿಡುವುದು ನಿಯಮ. ತೂಗಿದ್ದನ್ನು ಪುಸ್ತಕದಲ್ಲಿ ಬರೆದಿಡುವುದು ಇನ್ನೊಂದು ನಿಯಮ. ಎರಡನೆಯ ನಿಯಮದ ಬೆಲೆ ಆಮೇಲೆ ತಿಳಿಯಿತು.

ಮೀನು ಕಡಿಮೆಯಾಗುತ್ತಿದೆ ಎಂಬ ಆತಂಕ ಈ ಗಾಳಗಾರರಿಗೂ ಇತ್ತು. ಅವರ ಕಾಳಜಿ ಸಾಚಾ ಆಗಿತ್ತೆಂಬುದರಲ್ಲಿ ನನಗೆ ಸಂಶಯವಿಲ್ಲ. ಲೋಣಾವಳದಲ್ಲಿ ಟಾಟಾ ವಿದ್ಯುತ್ ಕಂಪೆನಿಯವರು ಮಹಶೀರಿನ ಮರಿ ಮಾಡಿಸುವ ಕ್ರಮವನ್ನು ಸಾಧಿಸಿದ್ದರು. ಅಲ್ಲಿಂದ ತಂದ ಮರಿಗಳನ್ನು ಕಾವೇರಿಗೆ ಬಿಡಲಾಯಿತು. ಆದರೆ ಆ ಮರಿಗಳು ನೀಲಿ ರೆಕ್ಕೆಯ ಮಹಶೀರ್. ಪುಣೆಯ ಬಳಿಯ ಮುಳಾ ಮುಠಾ ಹೊಳೆಯ ಮೀನನ್ನು ನೋಡಿ ಸೈಕ್ಸ್ ಎಂಬ ಅಧಿಕಾರಿ 1839ರಲ್ಲಿ ಹೆಸರಿಟ್ಟಿದ್ದ, ಕೃಷ್ಣೆಯ ಸಂತಾನದ ಮೀನು. ಕಾವೇರಿಯ ಗೂನುಬೆನ್ನಿನದಲ್ಲ. ಎರಡೂ ಮಹಶೀರೇ ತಾನೆ ಎಂದುಕೊಂಡರು. ಹಾಗೆಂದುಕೊಂಡದ್ದು ತಪ್ಪೆಂದು ಅವರಿಗೆ ಹೇಳುವವರು ಆಗ ಯಾರು? ಕಾವೇರಿಯ ಮೀನಿಗೆ ವಿಜ್ಞಾನದಲ್ಲಿ ಸರಿಯಾದ ಹೆಸರೇ ಇರಲಿಲ್ಲ. ಒಬ್ಬರು ಇಟ್ಟ ಹೆಸರು ಬೇರೊಂದು ಮೀನಿಗೆ ಸಲ್ಲುವಂಥದು. ಇನ್ನೊಬ್ಬರಿಗೆ ಗೂನು ಬರೇ ವಯಸ್ಸಿನ ಲಕ್ಷಣ. ಪ್ರಪಂಚದ ಅತಿ ದೊಡ್ಡ ಮಹಶೀರ್ ಎಂದು ಹೆಸರಾದ ಮೀನಿಗೆ ಹೆಸರಿರಲಿಲ್ಲ!

ಗಾಳಿಬೋರೆಯ ಶಿಬಿರದ ಲೆಕ್ಕದ ಪುಸ್ತಕಗಳನ್ನು ಮುಂದೆ ವಿಜ್ಞಾನಿಗಳು ಕೂಡಿಸಿ ನೋಡಿದರು. 1998ರಿಂದ 2012ರವರೆಗೆ, ಮಳೆಗಾಲವನ್ನು ಬಿಟ್ಟು, 23,620 ಗಂಟೆಗಳ ಕಾಲ ಗಾಳ ಹಾಕಿ 6,161 ಮಹಶೀರುಗಳನ್ನು ಹಿಡಿದು ಬಿಟ್ಟಿದ್ದರು. ಗಂಟೆಗೆ ಸಿಕ್ಕುವ ಮೀನಿನ ಸಂಖ್ಯೆ ವರ್ಷದಿಂದ ವರ್ಷಕ್ಕೆ ಏರಿತ್ತು. ಇಷ್ಟನ್ನೇ ಓದಿದವನು ಹೊಳೆ ತುಂಬಿ ತುಳುಕುತ್ತಿದೆ ಎಂದುಕೊಳ್ಳಬೇಕು. ನೀಲಿ ರೆಕ್ಕೆಯದನ್ನೂ ಗೂನುಬೆನ್ನಿನದನ್ನೂ ಬೇರೆ ಬೇರೆಯಾಗಿ ಎಣಿಸಿದಾಗ ಚಿತ್ರ ಬದಲಾಯಿತು. ಏರಿದ್ದೆಲ್ಲ ನೀಲಿಯದು. ಗೂನುಬೆನ್ನಿನದು ಸಿಕ್ಕುವುದು ಅಪರೂಪವಾಗುತ್ತ ಬಂದಿತ್ತು. ಸಿಕ್ಕಿದವು ಮಾತ್ರ ವರ್ಷದಿಂದ ವರ್ಷಕ್ಕೆ ಹೆಚ್ಚು ತೂಗುತ್ತಿದ್ದವು. ದೊಡ್ಡ ಮೀನು ಸಿಕ್ಕಿತೆಂದು ದಂಡೆಯಲ್ಲಿ ಕೇಕೆ ಹಾಕಿದ್ದಿರಬೇಕು. ಲೆಕ್ಕ ಬಲ್ಲವರಿಗೆ ಅದರ ಅರ್ಥ ಬೇರೆ. ಮರಿಗಳಿಲ್ಲ, ಮುದುಕರು ಮಾತ್ರ ಉಳಿದಿದ್ದಾರೆ. ಮಕ್ಕಳಿಲ್ಲದ ಊರಿನ ಜನಗಣತಿಯಂತೆ.

ಕಾರಣ ಒಂದೇ ಎನ್ನುವಂತಿಲ್ಲ. ಮೊಟ್ಟೆಯಿಡಲು ಮೇಲಕ್ಕೆ ಹೋಗುವ ಮೀನಿನ ದಾರಿಗೆ ಅಣೆಕಟ್ಟುಗಳು ಅಡ್ಡ ಬಂದವು. ಕನ್ನಂಬಾಡಿಯ ಕಟ್ಟೆಯಿಂದ ನಮ್ಮ ಮಂಡ್ಯದ ಗದ್ದೆಗಳು ಹಸುರಾದದ್ದು ಎಷ್ಟು ನಿಜವೋ ಇದೂ ಅಷ್ಟೇ ನಿಜ. ಕಪಿಲೆಯ ಕಟ್ಟೆ 1974ರಲ್ಲಿ ಮುಗಿಯಿತು, ನೂರಿಪ್ಪತ್ತು ಪೌಂಡಿನ ಮೀನು ಸಿಕ್ಕಿದ್ದ ಹೊಳೆ ಅದೇ. ಮರಳು ತೆಗೆಯುವುದು, ಸಿಡಿಮದ್ದು, ಕೊಳಚೆ ಇವು ಎಲ್ಲ ಹೊಳೆಗಳಿಗೂ ಇರುವ ರೋಗಗಳು. ಆದರೆ ಹೊರಗಿನಿಂದ ತಂದ ಮಹಶೀರ್ ಸ್ಥಳೀಯ ಮಹಶೀರಿನ ಜಾಗವನ್ನು ಆಕ್ರಮಿಸಿತೆಂಬ ವಿಜ್ಞಾನಿಗಳ ಶಂಕೆ ಮನಸ್ಸನ್ನು ಕಲಕುವಂಥದು. ಮಿಕ್ಕವನ್ನೆಲ್ಲ ಮೀನಿನ ಗೊಡವೆಯಿಲ್ಲದವರು ಮಾಡಿದರು. ಇದನ್ನು ಮಾಡಿದವರು ಮೀನನ್ನು ಪ್ರೀತಿಸಿದವರು.

ವನ್ಯಜೀವಿ ಸಂರಕ್ಷಣೆಯ ಕಾನೂನಿನ ದೃಷ್ಟಿಯಿಂದ ಅಭಯಾರಣ್ಯದೊಳಗೆ ಗಾಳದ ಆಟ ಸಲ್ಲದೆಂದಾಗಿ 2012ರ ವೇಳೆಗೆ ಆ ಶಿಬಿರಗಳಲ್ಲಿ ಗಾಳ ನಿಂತಿತು. ಕಾವಲಿದ್ದ ಗಾಳಗಾರರೇ ಹೋದ ಮೇಲೆ ಸಿಡಿಮದ್ದಿನವರಿಗೆ ಸುಗ್ಗಿಯೆಂದು ಕೆಲವರು ಗೊಣಗಿದರು. ತುಟಿಗೆ ಗಾಳ ಚುಚ್ಚಿಸಿಕೊಳ್ಳುವುದು ಸಂರಕ್ಷಣೆಯೆ ಎಂದು ಇನ್ನು ಕೆಲವರು ಕೇಳಿದರು. ಎರಡು ಮಾತಿನಲ್ಲಿಯೂ ಹುರುಳಿದೆ. ಆದರೆ ಲೆಕ್ಕದ ಪುಸ್ತಕವಿಲ್ಲದಿದ್ದರೆ ಗೂನುಬೆನ್ನಿನ ಮೀನು ಹೋದದ್ದೂ ನಮಗೆ ತಿಳಿಯುತ್ತಿರಲಿಲ್ಲವೆಂಬುದನ್ನು ನಾನು ಮರೆಯಲಾರೆ. ಗಾಳ ನಿಂತಾಗ ಆ ಬರವಣಿಗೆಯೂ ನಿಂತಿತು.

ಇನ್ನು ಹೆಸರಿನ ವಿಷಯ. ಕೇರಳದ ಪಾಂಬಾರ್ ಎಂಬ ಹೊಳೆ ಅಮರಾವತಿಯನ್ನು ಸೇರಿ, ಅಮರಾವತಿ ಕಾವೇರಿಯನ್ನು ಸೇರುತ್ತದೆ. ಆ ಪಾಂಬಾರಿನಿಂದ ಹಿಡಿದ ಮಹಶೀರೊಂದನ್ನು ಇಬ್ಬರು ವಿಜ್ಞಾನಿಗಳು 2007ರಲ್ಲಿ ಹೊಸ ಜಾತಿಯೆಂದು ವರ್ಣಿಸಿ, ಭಾರತೀಯ ಪ್ರಾಣಿ ಸರ್ವೇಕ್ಷಣದ ರೇಮಾದೇವಿಯವರ ಗೌರವಾರ್ಥ ‘ಟಾರ್ ರೇಮಾದೇವಿಯೈ’ ಎಂದು ಕರೆದರು. ಅದು ಕಾವೇರಿಯ ಆ ಮಹಾಮೀನೇ ಎಂದು ಆಗ ಯಾರಿಗೂ ಹೊಳೆಯಲಿಲ್ಲ. ಕಾವೇರಿಯ ಮೂಲಸ್ಥಾನಗಳಲ್ಲಿ ಗೂನುಬೆನ್ನಿನದು ಕೈಗೆ ಸಿಕ್ಕುವುದೇ ದುರ್ಲಭವಾದಾಗ, ಭವಾನಿಗೆ ಸೇರುವ ಮೋಯಾರ್ ಹೊಳೆಯಲ್ಲಿ ಹುಡುಕಿ ಹಿಡಿದು, ಮೈಯ ಲಕ್ಷಣವನ್ನೂ ಜೀವಕಣದ ತಂತುಗಳನ್ನೂ ಹೋಲಿಸಿ, ಎರಡೂ ಒಂದೇ ಎಂದು 2018ರಲ್ಲಿ ಪ್ರಕಟಿಸಿದರು. ಥಾಮಸನ ಪುಸ್ತಕಕ್ಕೆ ಆಗ ನೂರನಲವತ್ತೈದು ವರ್ಷ. ಅದೇ ವರ್ಷ ವಿಶ್ವದ ಪ್ರಕೃತಿ ಸಂರಕ್ಷಣಾ ಸಂಘದ ಕೆಂಪು ಪಟ್ಟಿಯಲ್ಲಿ ಈ ಮೀನು ಅಳಿವಿನ ಅತಿ ಸಮೀಪದ ವರ್ಗಕ್ಕೆ ಸೇರಿತು. ಹೆಸರಿಲ್ಲದೆ ಪಟ್ಟಿಗೆ ಸೇರಿಸುವಂತಿರಲಿಲ್ಲ. ಹೆಸರಿಟ್ಟೊಡನೆ ಬರೆಯಬೇಕಾದದ್ದು ಇದಾಯಿತು.

ಮೂವತ್ತೈದು ಮೀನುಗಳಿಗೆ ಮೊದಲು ಹೆಸರು ಹೇಳಿ, ಅನಂತರ ಉಣಿಸಿ, ಆಮೇಲೆ ಗಾಳಕ್ಕೆ ಕೈಹಾಕಿದ ದೊರೆಯ ಅಧ್ಯಾಯವನ್ನು ಈಗ ಮತ್ತೊಮ್ಮೆ ತೆಗೆದು ಓದುತ್ತಿದ್ದೇನೆ. ಕಳೆದ ಬೇಸಗೆಯಲ್ಲಿ ಶೃಂಗೇರಿಗೆ ಹೋದಾಗ ತುಂಗೆಯ ಮೆಟ್ಟಿಲಿನ ಮೇಲೆ ಕುಳಿತಿದ್ದೆ. ಗಾಳ ಹಾಕುವವರು ಅಲ್ಲಿಲ್ಲ. ಪಕ್ಕದಲ್ಲಿ ಒಬ್ಬ ಅಜ್ಜಿ ಪೊಟ್ಟಣದಿಂದ ಪುರಿಯನ್ನು ಹಿಡಿಹಿಡಿಯಾಗಿ ನೀರಿಗೆ ಹಾಕುತ್ತಿದ್ದರು. ಕಪ್ಪು ಬೆನ್ನುಗಳು ಒಂದರ ಮೇಲೊಂದು ಏರಿ ಬಂದು ನೀರು ಕುದಿದಂತಾಯಿತು. ಮೊಮ್ಮಗಳು “ಅಜ್ಜೀ, ಇದರ ಹೆಸರೇನು?” ಎಂದಳು. “ಮೀನು ಕಣೇ, ದೇವರ ಮೀನು” ಎಂದು ಅಜ್ಜಿ ಇನ್ನೊಂದು ಹಿಡಿ ಪುರಿ ಹಾಕಿದರು.